ಮಂಗಳೇಶ: ಮೂರು ನೆನಪುಗಳ ನಡುವೆ ಒಬ್ಬ ತಮ್ಮ

ಬಾದಾಮಿಗೂ ಪಟ್ಟದಕಲ್ಲಿಗೂ ನಡುವಿನ ಗುಡ್ಡಗಳ ಮಡಿಲಲ್ಲಿ ಮಹಾಕೂಟವಿದೆ. ಪುಷ್ಕರಿಣಿಯ ಸುತ್ತ ಹರಡಿಕೊಂಡ ಗುಡಿಗಳ ಈ ಕ್ಷೇತ್ರದಲ್ಲಿ ಒಂದು ಕಾಲಕ್ಕೆ ಕೆಂಪು ಮರಳುಗಲ್ಲಿನ ಧರ್ಮಜಯಸ್ತಂಭವೊಂದಿತ್ತು. ಅದೀಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯವನ್ನು ಸೇರಿದೆ. ಅದನ್ನು ನಿಲ್ಲಿಸಿದವನು ಬಾದಾಮಿ ಚಾಲುಕ್ಯ ವಂಶದ ಮಂಗಳೇಶ. ಅವನ ಆಳ್ವಿಕೆಯ ಐದನೆಯ ವರ್ಷದ ಆ ಶಾಸನವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಶ. 602ರದೆಂದು ಗಣಿಸುತ್ತಾರೆ.

ಕಲಚುರಿ ಬುದ್ಧರಾಜನನ್ನು ಗೆದ್ದು ಬಂದ ಯೋಧನ ವಿಜಯಶಾಸನವಿದು. ಆದರೂ ಓದುತ್ತ ಹೋದಂತೆ ಇದು ಒಂದು ಮನೆತನದ ನೆನಪಿನ ಪುಸ್ತಕದಂತೆ ತೆರೆದುಕೊಳ್ಳುತ್ತದೆ. ಮುತ್ತಜ್ಜ ಜಯಸಿಂಹ, ಅಜ್ಜ ರಣರಾಗ, ತಂದೆ ಪುಲಕೇಶಿ ಒಬ್ಬೊಬ್ಬರಾಗಿ ಬರುತ್ತಾರೆ. ಅಣ್ಣ ಕೀರ್ತಿವರ್ಮನು ಗೆದ್ದನೆನ್ನಲಾದ ನಾಡುಗಳ ಪಟ್ಟಿ ಉದ್ದವಾಗಿದೆ. ತಂದೆಯ ಪತ್ನಿ ದುರ್ಲಭದೇವಿಯನ್ನು ಪತಿವ್ರತೆಯೆಂದು ಕೊಂಡಾಡಿ, ಮಕುಟೇಶ್ವರನಿಗೆ ಬಿಟ್ಟ ಹತ್ತು ಹಳ್ಳಿಗಳ ದತ್ತಿಯೊಡನೆ ಆಕೆಯನ್ನು ನೆನೆಯಲಾಗಿದೆ.

ಈ ಕುಟುಂಬವಾತ್ಸಲ್ಯ ಸಿಂಹಾಸನವೇರಿದ ಮೇಲೆ ಹುಟ್ಟಿದ್ದಲ್ಲ. ಶಕ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಬಾದಾಮಿಯ ಮೂರನೆಯ ಗುಹೆಯಲ್ಲಿ ವಿಷ್ಣುಪ್ರತಿಷ್ಠೆ ಮಾಡಿದಾಗ ಮಂಗಳೇಶ ಇನ್ನೂ ಅರಸನ ತಮ್ಮ ಮಾತ್ರ. ಆ ಪುಣ್ಯದ ಫಲವನ್ನೆಲ್ಲ ಅವನು ಅಣ್ಣನಿಗೆ ಅರ್ಪಿಸಿದ. ತನಗೆಂದು ಬೇಡಿಕೊಂಡದ್ದು ಅಣ್ಣನ ಸೇವೆಯ ಫಲವೊಂದನ್ನೇ.

ಐಹೊಳೆಯ ಮೇಗುಟಿ ಜಿನಾಲಯದ ಕಲ್ಲು ಬೇರೆಯದೇ ಕಥೆ ಹೇಳುತ್ತದೆ. ಕ್ರಿ.ಶ. 634ರಲ್ಲಿ ಜೈನಕವಿ ರವಿಕೀರ್ತಿ ಬರೆದಂತೆ, ಮಂಗಳೇಶ ರಾಜ್ಯವನ್ನು ತನ್ನ ಮಗನಿಗೆ ಉಳಿಸಲು ಯತ್ನಿಸಿದ. ಅಣ್ಣನ ಮಗ ಇಮ್ಮಡಿ ಪುಲಕೇಶಿಯ ಎದುರು ಆ ಯತ್ನವನ್ನೂ ರಾಜ್ಯವನ್ನೂ ಪ್ರಾಣವನ್ನೂ ಒಟ್ಟಿಗೇ ಕಳೆದುಕೊಂಡ. ರವಿಕೀರ್ತಿ ಗೆದ್ದವನ ಆಶ್ರಯದಲ್ಲಿದ್ದ ಕವಿ. ಆದರೂ ಸೋತವನ ಕಲಚುರಿ ವಿಜಯವನ್ನೂ ರೇವತೀದ್ವೀಪದ ಮುತ್ತಿಗೆಯನ್ನೂ ಮರೆಮಾಚಲಿಲ್ಲ. ಸೋತವನ ಶೌರ್ಯಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿಯೇ ಅವನ ಅಂತ್ಯವನ್ನು ಹೇಳಿದ.

ಮೂರನೆಯ ನೆನಪು ಇನ್ನೂ ಸುಮಾರು ನಾಲ್ಕು ಶತಮಾನಗಳ ಬಳಿಕದ್ದು. ಕಲ್ಯಾಣ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕೌಥೆಂ ತಾಮ್ರಶಾಸನದ ಪ್ರಕಾರ, ಅಣ್ಣನ ಮಗ ಬಾಲಕನಾಗಿದ್ದುದರಿಂದ ಮಂಗಳೇಶ ರಾಜ್ಯಭಾರ ಹೊತ್ತ. ಅವನು ಪ್ರಾಯಕ್ಕೆ ಬಂದಾಗ ಒಪ್ಪಿಸಿದ. ಚಾಲುಕ್ಯ ಕುಲದಲ್ಲಿ ಹುಟ್ಟಿದವರು ಧರ್ಮ ತಪ್ಪುವುದುಂಟೇ ಎಂಬ ಅಭಿಮಾನ ಅಲ್ಲಿದೆ. ಮನೆಯ ಹಳೆಯ ಗಾಯವನ್ನು ಮೊಮ್ಮಕ್ಕಳು ಮುಚ್ಚಿಡುವ ಬಗೆಯೇ ಇದು.

ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಉಳಿದವನ್ನು ಬದಿಗಿಡುವುದು ಸುಲಭ. ಆದರೆ 602ರ ಕಂಬವನ್ನು ಅಣ್ಣನ ಮಗನೊಡನೆ ನಡೆದ ಕಾಳಗದ ಬೆಳಕಿನಲ್ಲಷ್ಟೇ ಓದಿದರೆ 578ರ ತಮ್ಮನಿಗೆ ಅನ್ಯಾಯವಾಗುತ್ತದೆ; ತಾಮ್ರಶಾಸನವನ್ನಷ್ಟೇ ನಂಬಿದರೆ ಸತ್ಯಕ್ಕೆ ಅನ್ಯಾಯವಾಗುತ್ತದೆ. ತಮ್ಮನಾಗಿ ಅವನನ್ನು ಹಿರಿಯನನ್ನಾಗಿಸಿದ ಮಮತೆಯೇ ತಂದೆಯಾದಾಗ ಅವನನ್ನು ಎಡವಿಸಿರಬಹುದು. ಅಣ್ಣನ ಮಗ, ತನ್ನ ಮಗ ಎಂಬ ಭೇದ ಎಣಿಸಿದಲ್ಲಿ ಅದು ಬಿರುಕುಬಿಟ್ಟಿತು.

ಪುಲಕೇಶಿಯ ಸಂತತಿ ಮುಂದೆಯೂ ಬಾದಾಮಿಯನ್ನು ಆಳಿತು. ಮೂರನೆಯ ಗುಹೆಯ ಆ ಅಕ್ಷರಗಳನ್ನು ಯಾರೂ ಕೆತ್ತಿ ತೆಗೆಯಲಿಲ್ಲ. ಅಣ್ಣನ ಸೇವೆಯ ಫಲವನ್ನು ಬೇಡಿದ ತಮ್ಮನ ಆ ಮಾತು ಇಂದಿಗೂ ಅಲ್ಲಿಯೇ ಇದೆ.