ಧಾರವಾಡದ ಗಾಡಿ ರಾಂಜಣಗಾಂವಕ್ಕೆ ಬಂದದ್ದು

ಪುಣೆಯಿಂದ ನಗರ ರಸ್ತೆ ಹಿಡಿದು ಸುಮಾರು 50 ಕಿ.ಮೀ. ಬಂದರೆ ಶಿರೂರು ತಾಲ್ಲೂಕಿನ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಯಾತ್ರೆ ಮಾಡಿದವರಿಗೆ ಇಲ್ಲಿಯ ಮಹಾಗಣಪತಿಯ ಪರಿಚಯ ಇದ್ದೇ ಇರುತ್ತದೆ. ತ್ರಿಪುರಾಸುರನನ್ನು ಸಂಹರಿಸುವ ಮೊದಲು ಸಾಕ್ಷಾತ್ ಶಿವನೇ ಇಲ್ಲಿ ಗಣಪತಿಯನ್ನು ಪೂಜಿಸಿದನೆಂದು ಸ್ಥಳಪುರಾಣ. ಇಲ್ಲಿಯ ಇನ್ನೊಂದು ಆಕರ್ಷಣೆ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶ. ಅಲ್ಲಿಯ ಫಿಯಟ್ ಕಾರ್ಖಾನೆಯಲ್ಲೇ 2009ರಲ್ಲಿ ಲೀನಿಯಾ, ಪುಂಟೊ ಕಾರುಗಳು ತಯಾರಾಗತೊಡಗಿದವು. 2017ರಿಂದ ಜೀಪ್ ಕಂಪಾಸ್ ಇಲ್ಲಿಯೇ ತಯಾರಾಗಿ ಜಪಾನ್, ಆಸ್ಟ್ರೇಲಿಯಾಗಳಿಗೂ ಹಡಗು ಹತ್ತಿದೆ.

ಮಗನ ನೌಕರಿಯ ನಿಮಿತ್ತ ಇಂಥ ಊರಿಗೆ ಬಂದು ನೆಲೆಸಿದ ನಾವು ಕಾರು ಕೊಂಡದ್ದು ಮಾತ್ರ ಧಾರವಾಡದಲ್ಲಿ! ಕೊಲ್ಲಾಪುರದವರು ಬೆಲ್ಲ ತರಲು ಬೇರೆ ಊರಿಗೆ ಹೋದ ಹಾಗಾಯಿತಲ್ಲ ಎಂದು ನೆರೆಯವರು ನಕ್ಕರು. ಸಂಗತಿ ಹೀಗಿತ್ತು. ನಮ್ಮವರ ಹೃದಯದ ತಪಾಸಣೆಗೆ ತಿಂಗಳಿಗೊಮ್ಮೆ ಪುಣೆಗೆ ಹೋಗಲೇಬೇಕು. ಬಸ್ಸಿನ ನೂಕುನುಗ್ಗಲು ಅವರಿಗೆ ಆಗದು. ಹೊಸ ಕಾರು ಪಿಂಚಣಿಯ ಅಳತೆಗೆ ಮೀರಿದ್ದು. ಅದೇ ಹೊತ್ತಿಗೆ ಧಾರವಾಡದ ನನ್ನಣ್ಣ ಕಣ್ಣಿನ ತೊಂದರೆಯಿಂದ ಡ್ರೈವಿಂಗ್ ಬಿಟ್ಟಿದ್ದ. ಅವನ 2014ರ ಪೆಟ್ರೋಲ್ ಪುಂಟೊ ಅಂಗಳದಲ್ಲಿ ಸುಮ್ಮನೆ ನಿಂತಿತ್ತು. "ನೋಡವಾ ತಂಗಿ, ಗಾಡಿ ನಿನಗs ಕೊಡತೇನಿ. ಆದ್ರ ಫುಕಟ ಅಲ್ಲ, ರೊಕ್ಕಾ ತಗೊಂಡs ಕೊಡತೇನಿ. ಕಾಗದಪತ್ರ ಎಲ್ಲಾ ನಿನ್ನ ಹೆಸರಿಗೆ ಪಕ್ಕಾ ಆಗಬೇಕು" ಎಂದ.

ನಮ್ಮವರಿಗೆ ಸಂಶಯ. "ನಿಮ್ಮಣ್ಣ ಒಮ್ಮೆ ತೆರಿಗೆ ಕಟ್ಟಿದ್ದಾನೆ. ಇಲ್ಲಿ ಮತ್ತೆ ಯಾಕೆ ಕಟ್ಟಬೇಕು?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿ ಮೂವತ್ತು ವರ್ಷ ಒಗ್ಗರಣೆ ಹಾಕುತ್ತಾ ಬಂದ ನಾನು 1988ರ ಮೋಟಾರು ವಾಹನ ಕಾಯ್ದೆ ತೆರೆದು ಕುಳಿತೆ. ಷೇಕ್ಸ್‌ಪಿಯರ್ ಇದಕ್ಕಿಂತ ಸುಲಭವಿದ್ದ!

ತಿಳಿದದ್ದು ಇಷ್ಟು. ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನ ಇಡೀ ದೇಶದಲ್ಲಿ ಓಡಬಹುದು. ಆದರೆ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿಯ ಹೊಸ ನಂಬರು ಪಡೆಯಬೇಕು. ರಸ್ತೆ ತೆರಿಗೆ ಆಯಾ ರಾಜ್ಯದ ಬೊಕ್ಕಸಕ್ಕೆ ಸೇರುವಂಥದ್ದು. ಆದ್ದರಿಂದ ಹೊಸ ರಾಜ್ಯದಲ್ಲಿ ಗಾಡಿಯ ಬೆಲೆ, ವಯಸ್ಸು ನೋಡಿ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ಹಳೆಯ ರಾಜ್ಯದಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಅರ್ಜಿ ಹಾಕಿ ಮರಳಿ ಕೇಳಬಹುದು. ಗಾಡಿ ಹಳೆಯದಾದಷ್ಟು ಆ ಪಾಲು ಸಣ್ಣದು.

ಮೊದಲ ಕೆಲಸ ಅಣ್ಣನದು. ಧಾರವಾಡದ ಆರ್.ಟಿ.ಓ.ದಲ್ಲಿ ಫಾರ್ಮ್ 28 ತುಂಬಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್.ಓ.ಸಿ. ಪಡೆದ. ಫಾರ್ಮಿನ ಮೇಲೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕು. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಹಾಗೆಯೇ. ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು, ದಂಡ ಬಾಕಿ ಇರಬಾರದು. ಬ್ಯಾಂಕಿನ ಸಾಲವಿದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35 ಬೇಕು. ಮಾಲೀಕತ್ವ ಬದಲಾವಣೆಗೆ ಫಾರ್ಮ್ 29 ಮತ್ತು 30. ಇವುಗಳಿಗೆ ಅಣ್ಣ ತಂಗಿ ಇಬ್ಬರೂ ಸಹಿ ಮಾಡಿದೆವು.

ಬೆಳಗಾವಿ, ನಿಪ್ಪಾಣಿ ದಾಟಿ ಕಾಗಲ್ ಸೇರುವ ಹೊತ್ತಿಗೆ ಅಂಗಡಿಗಳ ಬೋರ್ಡು ಮರಾಠಿಗೆ ತಿರುಗಿದವು. ಹೊಸ ಒಡೆತನದಲ್ಲಿ ಗಾಡಿ ಗಡಿ ದಾಟಿತು. ಮಗ ಸ್ಟೀರಿಂಗ್ ಹಿಡಿದಿದ್ದ, ಹಿಂದಿನ ಸೀಟಿನಲ್ಲಿ ಅತ್ತಿಗೆ ಕಟ್ಟಿಕೊಟ್ಟ ಜೋಳದ ರೊಟ್ಟಿಯ ಗಂಟು.

ಪುಣೆಯಲ್ಲಿ ಹೊಸ ನಂಬರಿಗೆ ಫಾರ್ಮ್ 27. ಗಾಡಿಯನ್ನು ಒಯ್ದು ಇನ್‌ಸ್ಪೆಕ್ಟರಿಗೆ ತೋರಿಸಬೇಕು. ಹೊರಗೆ ನಿಂತಿದ್ದ ಏಜೆಂಟನೊಬ್ಬ, "ತಾಯಿ, ಇದು ನಿಮಗಾಗುವ ಕೆಲಸ ಅಲ್ಲ" ಎಂದ. ಫೈಲಿನಲ್ಲಿ ಕಾಗದಗಳನ್ನು ನಂಬರು ಹಾಕಿ ಜೋಡಿಸಿದ್ದೆ, ತೋರಿಸಿದೆ. ಸುಮ್ಮನೆ ಸರಿದ! ತೆರಿಗೆ ಕಟ್ಟಿ ಎಂ.ಎಚ್. ನಂಬರು ಬಂದ ಮೇಲೆ ಅದರ ಪ್ರತಿ ಲಗತ್ತಿಸಿ ಕರ್ನಾಟಕದ ತೆರಿಗೆ ವಾಪಸಾತಿಗೆ ಅಣ್ಣನಿಂದ ಅರ್ಜಿ ಹಾಕಿಸಿದೆವು.

ನಮ್ಮ ಸಂಘದ ಸದಸ್ಯರಲ್ಲಿ ಹೀಗೆ ಕೊಳ್ಳುವ ವಿಚಾರವಿದ್ದವರಿಗೆ ನನ್ನ ಸಲಹೆ: ಗಾಡಿಯ ಬೆಲೆಗೆ ಇಲ್ಲಿಯ ತೆರಿಗೆ ಕೂಡಿಸಿಯೇ ಅಗ್ಗವೋ ತುಟ್ಟಿಯೋ ಹೇಳಿ. ನೋಂದಣಿಯ ಆಯುಷ್ಯ 15 ವರ್ಷ. ಎಷ್ಟು ಉಳಿದಿದೆ ನೋಡಿ. ಎನ್.ಓ.ಸಿ. ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಯ ನೌಕರಿಯವರಿಗೆ 2021ರಿಂದ ಬಿ.ಎಚ್. ಸರಣಿಯ ನಂಬರು ಇದೆ. ಸರಕಾರಿ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರು ಅದನ್ನು ಪಡೆದರೆ ಈ ನಂಬರು ಬದಲಾವಣೆ ತಪ್ಪುತ್ತದೆ.

ಪುಂಟೊ ಹುಟ್ಟಿದ್ದು ರಾಂಜಣಗಾಂವದಲ್ಲಿ, ಬಾಳಿದ್ದು ಧಾರವಾಡದಲ್ಲಿ. ಹುಟ್ಟೂರಿಗೇ ಮರಳಿದರೂ ಅರ್ಜಿ ಹಾಕಿ ಒಳಗೆ ಬರಬೇಕಾಯಿತು. ನನ್ನದು ಇದರ ಉಲ್ಟಾ. ಕಳೆದ ದೀಪಾವಳಿಗೆ ಅದೇ ಗಾಡಿಯಲ್ಲಿ ತವರಿಗೆ ಹೋದಾಗ ಓಣಿಯ ಹುಡುಗನೊಬ್ಬ ನಂಬರ್ ಪ್ಲೇಟು ಓದಿ, "ಯಾರೋ ಮಹಾರಾಷ್ಟ್ರದವರು ಬಂದಾರ್ರೀ" ಎಂದು ಕೂಗಿದ. ಗಾಡಿಯಿಂದ ಇಳಿದು, "ಅಲ್ಲೋ ತಮ್ಮಾ, ನಾ ಈ ಮನಿ ಮಗಳs" ಎಂದೆ. ಅವನು ನನ್ನನ್ನೊಮ್ಮೆ, ಪ್ಲೇಟನ್ನೊಮ್ಮೆ ನೋಡಿದ. ಬಾಗಿಲಲ್ಲಿ ಅತ್ತಿಗೆ ಆರತಿ ಹಿಡಿದು ನಿಂತಿದ್ದಳು.