ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ

ಗೋಲ್ ಕಾಯುವ ಕೆಲಸ ಯಾರೂ ಆಸೆಪಟ್ಟು ಪಡೆಯುವಂಥದ್ದಲ್ಲ, ಪಾಲಿಗೆ ಬರುವಂಥದ್ದು. ನಮ್ಮ ಬೀದಿಯಲ್ಲಿ ಎರಡು ಜೊತೆ ಚಪ್ಪಲಿಗಳ ನಡುವೆ ಯಾರು ನಿಲ್ಲಬೇಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಓಡಲಾರದವನು, ಸೋಡಾಬುಡ್ಡಿ ಕನ್ನಡಕದವನು, ಅಣ್ಣನ ಬಾಲ ಹಿಡಿದು ಬಂದವನು ತಾನಾಗಿಯೇ ಹೋಗಿ ನಿಲ್ಲುತ್ತಿದ್ದ. ಈ ಮೂರು ಅರ್ಹತೆಗಳೂ ನನ್ನೊಬ್ಬನಲ್ಲೇ ಕೂಡಿಬಂದಿದ್ದರಿಂದ ನನ್ನ ಸ್ಥಾನದ ಬಗ್ಗೆ ತಂಡದಲ್ಲಿ ಎಂದೂ ಜಗಳವಾಗಲಿಲ್ಲ. ಮುಂದೆ ಬ್ಯಾಂಕಿನ ಕೆಲಸ, ವರ್ಗಾವಣೆ, ಬಿಪಿ ಮಾತ್ರೆ ಒಂದೊಂದಾಗಿ ಸೇರಿಕೊಂಡು ಚೆಂಡು ಮರೆತೇ ಹೋಯಿತು ಅನ್ನುವಷ್ಟರಲ್ಲಿ, ಒಂದು ಶನಿವಾರ ಸಂಜೆ ಅಕ್ಕನ ಮಗ ಫೋನು ಮಾಡಿದ. "ಮಾಮ, ನಮ್ಮ ಕೀಪರ್‌ಗೆ ಜ್ವರ. ಆಡೋದೇನೂ ಬೇಡ, ಸುಮ್ನೆ ಗೋಲಲ್ಲಿ ನಿಂತ್ಕೊಳ್ಳಿ, ಸಾಕು."

ಆ "ಸುಮ್ನೆ" ಎಷ್ಟು ದೊಡ್ಡ ಸುಳ್ಳೆಂದು ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ಐದು ಜನರ ಆಟದಲ್ಲಿ ಚೆಂಡು ಗೋಲಿನಿಂದ ದೂರ ಹೋಗುವುದೇ ಇಲ್ಲ. ದೊಡ್ಡ ಮೈದಾನದ ಕೀಪರ್‌ಗೆ ಆಗಾಗ ಕಂಬಕ್ಕೆ ಒರಗಿ ಆಕಾಶ ನೋಡುವಷ್ಟು ಬಿಡುವಿರುತ್ತದೆ. ಇಲ್ಲಿ ಉಗುಳು ನುಂಗಲೂ ಪುರುಸೊತ್ತಿಲ್ಲ.

ಅವರು ಆಡುತ್ತಿದ್ದ ಜಾಗ ಹಿಂದೊಮ್ಮೆ ಕಲ್ಯಾಣ ಮಂಟಪದವರು ಕಾರು ನಿಲ್ಲಿಸಲು ಬಿಟ್ಟುಕೊಂಡಿದ್ದ ಸೈಟು. ಈಗ ಸುತ್ತಲೂ ಮೇಲೂ ಬಲೆ ಕಟ್ಟಿ, ಕೆಳಗೆ ಪ್ಲಾಸ್ಟಿಕ್ ಹುಲ್ಲು ಹಾಸಿ, ಕಣ್ಣು ಕುಕ್ಕುವ ಲೈಟು ಹಾಕಿ, ಟರ್ಫ್ ಎಂದು ಹೆಸರಿಟ್ಟು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿದ್ದಾರೆ. ಆಟ ಮುಗಿಯುವ ಮೊದಲೇ ತಲೆಗೆ ಎಷ್ಟು ಎಂಬ ಲೆಕ್ಕ ವಾಟ್ಸಾಪ್ ಗುಂಪಿಗೆ ಬಂದು ಬಿದ್ದಿರುತ್ತದೆ. ಹುಲ್ಲಿನ ನಡುವೆ ಸುರಿದಿರುವ ಸಣ್ಣ ಕರಿ ರಬ್ಬರ್ ಚೂರು ಸಾಕ್ಸಿನೊಳಗೆ ಸೇರಿಕೊಂಡು ಮನೆಗೂ ಬರುತ್ತದೆ. ಮೊದಲ ಸಲ ಅದನ್ನು ಬಚ್ಚಲ ಬಾಗಿಲಲ್ಲಿ ಕಂಡ ನನ್ನ ಹೆಂಡತಿ ಇರುವೆ ಅಂದುಕೊಂಡು ಸುತ್ತಲೂ ಲಕ್ಷ್ಮಣರೇಖೆ ಎಳೆದಿದ್ದಳು.

ಬೆಂಗಳೂರಿನಲ್ಲಿ ಇದನ್ನೇ ಎಲ್ಲರೂ ಫುಟ್ಸಾಲ್ ಎನ್ನುತ್ತಾರೆ. ಅಸಲಿಗೆ ಫುಟ್ಸಾಲ್ ಇನ್ನೊಂದು. ಅದಕ್ಕೆ ಹುಲ್ಲಿಲ್ಲ, ಬಲೆಗೆ ಬಡಿದು ವಾಪಸು ಬರುವ ಚೆಂಡಿಲ್ಲ; ಗೆರೆ ದಾಟಿದರೆ ಹೊರಗೆ, ಅಷ್ಟೆ. 40 ಮೀಟರ್ ಉದ್ದ, 20 ಮೀಟರ್ ಅಗಲದ ಮರದ ನೆಲ. ಚೆಂಡು ದೊಡ್ಡ ಫುಟ್‌ಬಾಲಿಗಿಂತ ಒಂದು ಸೈಜು ಚಿಕ್ಕದು, ಪುಟಿಯುವುದು ಕಡಿಮೆ: ಎರಡು ಮೀಟರ್ ಎತ್ತರದಿಂದ ಬಿಟ್ಟರೆ ಮೊದಲ ಪುಟಿತ 65 ಸೆಂಟಿಮೀಟರ್ ಮೀರಬಾರದು. ಆದ್ದರಿಂದ ಅದು ಕಾಲಿಗೆ ಅಂಟಿಕೊಂಡೇ ಇರುತ್ತದೆ, ಆಟಗಾರರು ಅದನ್ನು ಅಂಗಾಲಿನಿಂದ ಉಜ್ಜಿ ಉಜ್ಜಿ ಎಳೆದಾಡುತ್ತಾರೆ. 20 ನಿಮಿಷದ ಎರಡು ಅವಧಿ. ಚೆಂಡು ನಿಂತರೆ ಗಡಿಯಾರವೂ ನಿಲ್ಲುತ್ತದೆ. ಒಂದು ಅವಧಿಯಲ್ಲಿ ತಂಡ ಐದು ಫೌಲ್ ಮಾಡಿದರೆ ಆರನೆಯದಕ್ಕೆ ಎದುರಾಳಿಗೆ ಗೋಡೆಯಿಲ್ಲದ ನೇರ ಹೊಡೆತ, ಹತ್ತು ಮೀಟರಿನಿಂದ. ಆ ಹತ್ತು ಮೀಟರಿನ ತುದಿಯಲ್ಲಿ ಯಾರು ನಿಂತಿರುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಫೌಲ್ ಮಾಡಿದವನು ಕೈಯೆತ್ತಿ ಕ್ಷಮೆ ಕೇಳಿ ಪಕ್ಕಕ್ಕೆ ಸರಿದಿರುತ್ತಾನೆ.

ನನ್ನನ್ನು ಹೀಗೆ ನಿಲ್ಲಿಸಿದವರು ಯಾರು ಎಂದು ಹುಡುಕುತ್ತಾ ಹೋದರೆ ಉರುಗ್ವೆ ದೇಶದ ಮೊಂಟೆವಿಡಿಯೊ ನಗರ ಸಿಗುತ್ತದೆ. ವರ್ಷ 1930. ಮೊದಲ ವಿಶ್ವಕಪ್ ಅಲ್ಲೇ ನಡೆದು, ಆತಿಥೇಯರೇ ಗೆದ್ದು, ಊರಿನ ಹುಡುಗರಿಗೆಲ್ಲ ಫುಟ್‌ಬಾಲ್ ಹುಚ್ಚು ಹಿಡಿದಿತ್ತು. ಅಲ್ಲಿನ ವೈಎಂಸಿಎಯಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದ ಹ್ವಾನ್ ಕಾರ್ಲೋಸ್ ಸೆರಿಯಾನಿ ಎಂಬ ಮೇಷ್ಟ್ರು ಆ ಹುಚ್ಚನ್ನು ಬ್ಯಾಸ್ಕೆಟ್‌ಬಾಲ್ ಅಂಕಣದೊಳಗೆ ಹಿಡಿಸಲು ನೋಡಿದರು. ಅವರು ಮಾಡಿದ್ದು ಒಂದು ರೀತಿಯ ಕಡ. ತಂಡಕ್ಕೆ ಐದು ಜನ, ಆಟದ ಅವಧಿ ಬ್ಯಾಸ್ಕೆಟ್‌ಬಾಲಿನಿಂದ. ಅಂಕಣದ ಅಳತೆ, ಮೂರು ಮೀಟರ್ ಅಗಲ ಎರಡು ಮೀಟರ್ ಎತ್ತರದ ಗೋಲು ಹ್ಯಾಂಡ್‌ಬಾಲಿನಿಂದ. ಕೀಪರ್‌ನ ನಿಯಮ ವಾಟರ್ ಪೋಲೊದಿಂದ. ಉಳಿದದ್ದಷ್ಟೇ ಫುಟ್‌ಬಾಲು. ಅಂದರೆ ನನ್ನ ಬೆನ್ನ ಹಿಂದಿನ ಚೌಕಟ್ಟು ಒಂದು ಆಟದ್ದು, ನನ್ನ ಕೈಕಾಲಿನ ಕಟ್ಟುಪಾಡು ನೀರಿನಲ್ಲಿ ಆಡುವ ಇನ್ನೊಂದು ಆಟದ್ದು. ಈಜು ಬಾರದ ನನಗೆ ಇದು ತಿಳಿದಾಗ ಸ್ವಲ್ಪ ಗಾಬರಿಯೇ ಆಯಿತು.

ವೈಎಂಸಿಎಯವರಿಗೆ ಇದು ಹೊಸದೂ ಅಲ್ಲ. ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ಎರಡೂ ಹುಟ್ಟಿದ್ದು ಅಮೆರಿಕದ ಅವರ ವ್ಯಾಯಾಮಶಾಲೆಗಳಲ್ಲೇ, 1891ರಲ್ಲಿ ಮತ್ತು 1895ರಲ್ಲಿ. ನಮ್ಮ ನೃಪತುಂಗ ರಸ್ತೆಯ ವೈಎಂಸಿಎ ಮುಂದೆ ಬಸ್ಸಿನಲ್ಲಿ ಹೋಗುವಾಗ ಈಗ ನಾನು ಒಂದು ಸಲ ಆ ಕಡೆ ನೋಡುತ್ತೇನೆ. ನಮಸ್ಕಾರವೋ ದೂರೋ, ನನಗೇ ಸ್ಪಷ್ಟವಿಲ್ಲ.

ಆಟ ಉರುಗ್ವೆಯಿಂದ ಬ್ರೆಜಿಲಿಗೆ ಹೋಗಿ ಅಲ್ಲಿಯದೇ ಆಗಿಬಿಟ್ಟಿತು. ಜೀಕೊ, ರೊನಾಲ್ಡಿನೊ ಮೊದಲು ಕಾಲು ಪಳಗಿಸಿಕೊಂಡಿದ್ದು ಈ ಕಿರಿದಾದ ನೆಲದ ಮೇಲೆ. ಫಿಫಾ 1989ರಲ್ಲಿ ನೆದರ್‌ಲೆಂಡ್ಸಿನಲ್ಲಿ ತನ್ನ ಮೊದಲ ಫುಟ್ಸಾಲ್ ವಿಶ್ವಕಪ್ ನಡೆಸಿತು, ಬ್ರೆಜಿಲ್ ಗೆದ್ದಿತು. ಅದೇ ವರ್ಷ ಸ್ಪೇನಿನಲ್ಲಿ, ಎರಡು ಬಣವಾಗಿ ಬೇರೆ ಬೇರೆ ಆಡುತ್ತಿದ್ದ ಕ್ಲಬ್ಬುಗಳು ಒಂದಾಗಿ ರಾಷ್ಟ್ರೀಯ ಲೀಗ್ ಕಟ್ಟಿದವು. ನನಗೆ ಹೇಳಬೇಕಾಗಿರುವುದು ಆ ಲೀಗಿನ ಮಗ್ಗುಲಲ್ಲೇ ಬೆಳೆದ ಕಪ್ಪಿನ ಬಗ್ಗೆ, ಕೋಪಾ ದೆ ಎಸ್ಪಾನ್ಯಾ.

ಜ್ವರದ ಕೀಪರ್ ಗುಣವಾಗಿ ಬಂದಮೇಲೂ ನನ್ನನ್ನು ಬಿಟ್ಟುಕೊಡದ ಅಕ್ಕನ ಮಗ ಕಲಿಯಲಿಕ್ಕೆಂದು ಒಂದಷ್ಟು ವಿಡಿಯೊ ಕಳಿಸಿದ್ದ. ಊಟವಾದ ಮೇಲೆ ಮೊಬೈಲಿನಲ್ಲಿ ನೋಡುತ್ತಾ ನೋಡುತ್ತಾ ಕೈಯ ತಂತ್ರ ಬಿಟ್ಟು ಕಪ್ಪಿನ ಕಥೆಗೇ ಬಿದ್ದೆ. ಲೀಗಿನ ಮೊದಲ ಸುತ್ತು ಮುಗಿದಾಗ ಮುಂದಿರುವ ತಂಡಗಳನ್ನು, ಒಟ್ಟು ಎಂಟನ್ನು, ಒಂದೇ ಊರಿಗೆ ಕರೆಸುತ್ತಾರೆ. ಗುರುವಾರ ಶುಕ್ರವಾರ ಕ್ವಾರ್ಟರ್‌ಫೈನಲ್, ಶನಿವಾರ ಸೆಮಿ, ಭಾನುವಾರ ಫೈನಲ್. ನಾಲ್ಕು ದಿನ, ಏಳು ಪಂದ್ಯ, ಸೋತವನು ಬಸ್ಸು ಹತ್ತಬೇಕು.

ಬ್ಯಾಂಕಿನವನ ಬಾಯಲ್ಲಿ ಹೇಳುವುದಾದರೆ ಲೀಗ್ ಎಂದರೆ ಆರ್‌ಡಿ ಖಾತೆ. ಒಂದು ಕಂತು ತಪ್ಪಿದರೂ ದಂಡ ಕಟ್ಟಿ ಸರಿಮಾಡಿಕೊಳ್ಳಬಹುದು; ವರ್ಷದ ಕೊನೆಗೆ ಉಳ್ಳವನಿಗೇ ಹೆಚ್ಚು ಸಿಕ್ಕಿರುತ್ತದೆ. ನಾಕೌಟಿನಲ್ಲಿ ದಂಡ ಕಟ್ಟಿಸಿಕೊಳ್ಳುವ ಕೌಂಟರೇ ಇಲ್ಲ. ಮೂರು ಸಂಜೆ ನಿಮ್ಮ ಕೀಪರ್ ಮೈಮೇಲೆ ದೇವರು ಬಂದರೆ ಕಪ್ ನಿಮ್ಮದು, ಎದುರಿಗಿರುವವರ ಬಜೆಟ್ಟು ಎಷ್ಟಾದರೂ ಇರಲಿ. ಅಂಕಣ ಚಿಕ್ಕದಾದಷ್ಟೂ ಈ ಸಾಧ್ಯತೆ ದೊಡ್ಡದು ಎಂಬುದು ನನ್ನ ವಾದ. ಗೋಲ್ ಕಾಯುವವನ ಸ್ವಜನಪಕ್ಷಪಾತ ಇದರಲ್ಲಿದೆ ಎಂದು ಅಕ್ಕನ ಮಗ ಹೇಳುತ್ತಾನೆ. ಇರಲಿ.

ನನ್ನ ವಾದಕ್ಕೆ ಸಾಕ್ಷಿ ಹಾಯೆನ್. ದಕ್ಷಿಣ ಸ್ಪೇನಿನ ಆಂದಲೂಸಿಯಾದ ಈ ಊರಿನ ಸುತ್ತ ಕಣ್ಣು ಹಾಯಿಸಿದಷ್ಟೂ ಆಲಿವ್ ತೋಟ; ಆಲಿವ್ ಎಣ್ಣೆಯಲ್ಲಿ ಜಗತ್ತಿಗೇ ದೊಡ್ಡ ಸೀಮೆ. ಫುಟ್ಸಾಲಿನಲ್ಲಿ ದೊಡ್ಡವರೆಂದರೆ ಬೇರೆಯವರು: ಬಾರ್ಸಿಲೋನಾ ಇತ್ತು, ಮುರ್ಸಿಯಾದಲ್ಲಿ ಮಾಂಸದ ಕಂಪನಿಯ ಹೆಸರು ಹೊತ್ತ ಎಲ್‌ಪೋಸೊ ಇತ್ತು, ಮ್ಯಾಡ್ರಿಡ್ ಕಡೆಯ ಇಂಟರ್ ಇತ್ತು. ಇಂಟರನ್ನು 1977ರಲ್ಲಿ ಕಟ್ಟಿದ್ದು ಹೊಸೆ ಮರಿಯಾ ಗಾರ್ಸಿಯಾ ಎಂಬ ರೇಡಿಯೊ ಪತ್ರಕರ್ತ. ಜಗತ್ತಿನ ಶ್ರೇಷ್ಠ ಆಟಗಾರ ಎಂದು ಮತ್ತೆ ಮತ್ತೆ ಆರಿಸಿಬಂದ ಪೋರ್ಚುಗಲ್ಲಿನ ರಿಕಾರ್ದಿನ್ಯೊ ಆಡುತ್ತಿದ್ದುದು ಈ ಇಂಟರ್‌ಗೆ. ಹಾಯೆನ್ ತಂಡ 2013ರಲ್ಲಷ್ಟೇ ಮೇಲಿನ ದರ್ಜೆಗೆ ಬಂದದ್ದು. ಎರಡು ವರ್ಷ ತುಂಬುವ ಮೊದಲೇ, 2015ರಲ್ಲಿ, ಸಿಯುದಾದ್ ರೆಯಾಲ್ ಎಂಬಲ್ಲಿ ನಡೆದ ಕೋಪಾವನ್ನು ಎತ್ತಿಕೊಂಡು ಹೋಯಿತು.

ಒಂದು ಸಲ ಗೆದ್ದರೆ ಅದೃಷ್ಟ ಎನ್ನಬಹುದು. 2018ರಲ್ಲಿ ಕೋಪಾ ನಡೆದದ್ದು ಮ್ಯಾಡ್ರಿಡ್‌ನಲ್ಲಿ, ಹಿಂದಿನ ಎರಡು ವರ್ಷ ಕಪ್ ಗೆದ್ದಿದ್ದ ಇಂಟರ್‌ನ ಹಿತ್ತಲಲ್ಲಿ. ಹಳದಿ ಅಂಗಿ ತೊಟ್ಟ ಹಾಯೆನ್ ಜನ ಊರಿಗೆ ಊರೇ ಎದ್ದು ಬಂದಂತೆ ಬಂದು ಗ್ಯಾಲರಿ ತುಂಬಿದರು. ಆ ಜನಕ್ಕೆ ಅಲ್ಲಿ "ಹಳದಿ ಅಲೆ" ಎಂದೇ ಹೆಸರು. ಕಪ್ ಮತ್ತೆ ಹಾಯೆನ್‌ದೇ. ಗೋಲಿನಲ್ಲಿ ನಿಂತಿದ್ದವನು ದಿದಾಕ್ ಪ್ಲಾನಾ. ಕೈಗಿಂತ ಹೆಚ್ಚಾಗಿ ಅವನು ಕಾಲು ಬಳಸುತ್ತಾನೆ: ಎದುರಾಳಿ ಹೊಡೆಯುವ ಕ್ಷಣಕ್ಕೆ ಒಂದು ಮೊಣಕಾಲು ನೆಲಕ್ಕೂರಿ, ಇನ್ನೊಂದು ಕಾಲು ಚಾಚಿ, ಎರಡು ತೋಳು ಬಿಚ್ಚಿ ಮೂರು ಮೀಟರನ್ನು ಒಂದೂವರೆ ಮಾಡಿಬಿಡುತ್ತಾನೆ. ನಾನಿದನ್ನು ನಮ್ಮ ಹಾಲಿನಲ್ಲಿ ಮಾಡಿ ನೋಡಿದೆ. ಕೂರುವುದು ಬಂತು. ಮುಂದೆ ಪ್ಲಾನಾನನ್ನು ಬಾರ್ಸಿಲೋನಾ ಕರೆದುಕೊಂಡಿತು, ಸ್ಪೇನ್ ತಂಡಕ್ಕೂ ಆಡಿದ. ಚಿಕ್ಕ ಊರು ಚೆನ್ನಾಗಿ ಬೆಳೆಸಿದ್ದನ್ನು ದೊಡ್ಡ ಊರು ಕೊಂಡುಹೋಗುವುದು ಎಲ್ಲ ಕಡೆಯೂ ಒಂದೇ.

ಹಾಯೆನ್‌ನಲ್ಲಿ 2021ರಲ್ಲಿ ಒಲಿವೊ ಅರೆನಾ ಎಂಬ ಹೊಸ ಒಳಾಂಗಣ ತಲೆಯೆತ್ತಿತು, ಮರುವರ್ಷದ ಕೋಪಾ ಅಲ್ಲಿಗೇ ಬಂತು. ತಮ್ಮ ಊರು, ತಮ್ಮ ನೆಲ, ತಮ್ಮ ಜನ. ಗೆದ್ದದ್ದು ಬಾರ್ಸಿಲೋನಾ. 2023ರಲ್ಲಿ ಪಕ್ಕದ ಗ್ರಾನಾದಾಕ್ಕೆ ಹೋಗಿ ಹಾಯೆನ್ ಮೂರನೇ ಕಪ್ ತಂದಿತು. ಐಪಿಎಲ್‌ನ 18ನೇ ಸೀಸನ್ನಿನ ತನಕ "ಈ ಸಲ ಕಪ್ ನಮ್ದೇ" ಎಂದು ಕೂಗಿದ ಬೆಂಗಳೂರಿನವನಾದ ನನಗೆ ಇವರ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚೂ ಇದೆ.

ಬೆಂಗಳೂರು ಅಂದಕೂಡಲೇ ಇನ್ನೊಂದು ನೆನಪಾಗುತ್ತದೆ. 2016ರ ಜುಲೈನಲ್ಲಿ ಪ್ರೀಮಿಯರ್ ಫುಟ್ಸಾಲ್ ಎಂಬ ಟೂರ್ನಿ ನಮ್ಮ ದೇಶದಲ್ಲಿ ಭಾರೀ ಸದ್ದು ಮಾಡಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಮನ್ನಣೆ ಅದಕ್ಕಿರಲಿಲ್ಲ, ಆದರೆ ಎ.ಆರ್. ರೆಹಮಾನ್ ಸಂಗೀತವಿತ್ತು, ಹಾಡಲು ವಿರಾಟ್ ಕೊಹ್ಲಿ ಇದ್ದರು! ಆಡಲು ಬಂದವರಲ್ಲಿ ಬ್ರೆಜಿಲಿನ ಫಾಲ್ಕಾವೊ ಇದ್ದರು. ಬೆಂಗಳೂರು ತಂಡಕ್ಕೆ ಇಂಗ್ಲೆಂಡಿನ ಪಾಲ್ ಸ್ಕೋಲ್ಸ್. ಪಂದ್ಯಗಳು ಮಾತ್ರ ಚೆನ್ನೈ ಮತ್ತು ಗೋವಾದಲ್ಲಿ. ರೊನಾಲ್ಡಿನೊ ಗೋವಾ ಪರ ಇಳಿದು ಬೆಂಗಳೂರಿನ ವಿರುದ್ಧ ಐದು ಗೋಲು ಹೊಡೆದರು. ಗೋವಾ 7, ಬೆಂಗಳೂರು 2. ಆ ಐದು ಗೋಲನ್ನು ಜನ ಇವತ್ತಿಗೂ ಮೊಬೈಲಿನಲ್ಲಿ ನೋಡಿ ತಲೆದೂಗುತ್ತಾರೆ. ನನಗೆ ಪ್ರತಿ ಸಲವೂ ಚೆಂಡನ್ನು ಬಲೆಯಿಂದ ಹೊರಗೆ ತೆಗೆಯುತ್ತಿದ್ದವನದೇ ಯೋಚನೆ. ಎರಡು ಸೀಸನ್ ಆದಮೇಲೆ ಟೂರ್ನಿಯ ಸುಳಿವೇ ಇಲ್ಲ.

ಫೆಡರೇಷನ್ ತಾನೇ ನಡೆಸುವ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಷಿಪ್ ಶುರುವಾದದ್ದು 2021ರ ನವೆಂಬರಿನಲ್ಲಿ, ದೆಹಲಿಯಲ್ಲಿ. ಹಾಡಿಲ್ಲ, ತಾರೆಯರಿಲ್ಲ. ಫೈನಲ್ಲಿನಲ್ಲಿ ದೆಹಲಿ ಎಫ್‌ಸಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗನ್ನು 7–2ರಿಂದ ಸೋಲಿಸಿತು. ಮತ್ತೆ ಅದೇ ಏಳು, ಅದೇ ಎರಡು. ಸೋತವರು 1891ರಲ್ಲಿ ಹುಟ್ಟಿದ ಕ್ಲಬ್ಬಿನವರು. ಹಿರಿತನಕ್ಕೆ ಈ ಚಿಕ್ಕ ಅಂಕಣದಲ್ಲಿ ರಿಯಾಯಿತಿ ಇಲ್ಲ. ಭಾರತದ ರಾಷ್ಟ್ರೀಯ ತಂಡ ಏಷ್ಯನ್ ಕಪ್ಪಿನ ಅರ್ಹತಾ ಸುತ್ತಿಗೆ ಮೊದಲ ಸಲ ಹೋದದ್ದು 2023ರಲ್ಲಿ, ತಜಿಕಿಸ್ತಾನಕ್ಕೆ. ಮೊಂಟೆವಿಡಿಯೊದ ಮೇಷ್ಟ್ರು ನಿಯಮ ಬರೆದು ತೊಂಬತ್ತಕ್ಕೂ ಹೆಚ್ಚು ವರ್ಷವಾದ ಮೇಲೆ.

ಇನ್ನು ನಮ್ಮ ಕಪ್ಪು. ನವೆಂಬರಿನಲ್ಲಿ ಬಡಾವಣೆಯ ಹುಡುಗರು ರಾಜ್ಯೋತ್ಸವ ಕಪ್ ಇಟ್ಟರು. ಎಂಟು ತಂಡ, ನಾಕೌಟು, ಟರ್ಫಲ್ಲ, ಒಂದು ಶಾಲೆಯ ಒಳಾಂಗಣ, ಅಸಲಿ ನಿಯಮ. ಹಳೆಯ ಕಾಲದಲ್ಲಿ ಕೀಪರ್ ತನ್ನ ಆವರಣ ಬಿಟ್ಟು ಬರುವಂತೆಯೇ ಇರಲಿಲ್ಲವಂತೆ. ಈಗ ಬರಬಹುದು, ಆದರೆ ತನ್ನ ಅರ್ಧದಲ್ಲಿ ಚೆಂಡನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ರೆಫರಿ ಕೈಯೆತ್ತಿ ಬೆರಳಿನಲ್ಲಿ ಎಣಿಸುತ್ತಿರುತ್ತಾನೆ. ಒಮ್ಮೆ ಬಿಟ್ಟುಕೊಟ್ಟ ಚೆಂಡನ್ನು ಎದುರಾಳಿ ಮುಟ್ಟುವ ತನಕ ಅಲ್ಲಿ ಮತ್ತೆ ತೆಗೆದುಕೊಳ್ಳುವಂತಿಲ್ಲ. ಎದುರಾಳಿಯ ಅರ್ಧದಲ್ಲಿ ಮಾತ್ರ ಅವನಿಗೆ ಈ ಯಾವ ಕಟ್ಟೂ ಇಲ್ಲ. ಈ ಬಿರುಕಿನಿಂದಲೇ ಒಂದು ವಿದ್ಯೆ ಹುಟ್ಟಿದೆ. ಹಿಂದೆ ಬಿದ್ದ ತಂಡ ಕೊನೆಯ ನಿಮಿಷಗಳಲ್ಲಿ ಕೀಪರನ್ನು ಹೊರಗೆ ಕರೆಸಿ, ಚೆನ್ನಾಗಿ ಪಾಸ್ ಕೊಡಬಲ್ಲ ಇನ್ನೊಬ್ಬನಿಗೆ ಕೀಪರ್ ಬಣ್ಣದ ಅಂಗಿ ತೊಡಿಸಿ ಒಳಗೆ ಬಿಡುತ್ತದೆ. ನಾಲ್ವರ ಎದುರು ಐವರು, ಹಿಂದೆ ಬರಿದಾದ ಗೋಲು. ಆ ಅಂಗಿಯ ಬೆನ್ನಿನಲ್ಲಿ ಚೌಕಾಕಾರದ ತೂತು ಕತ್ತರಿಸಿರುತ್ತಾರೆ; ತೊಟ್ಟವನ ಸ್ವಂತ ನಂಬರು ಅದರಿಂದ ಇಣುಕಬೇಕು.

ಕ್ವಾರ್ಟರ್‌ಫೈನಲ್. 3–2ರಲ್ಲಿ ನಾವು ಹಿಂದೆ. ಮೂರರಲ್ಲಿ ಒಂದು ಮಾತ್ರ ನನ್ನ ಕಾಲ ಕೆಳಗಿನಿಂದ ಹೋದದ್ದು, ಉಳಿದೆರಡು ಯಾವ ಪ್ಲಾನಾನಿಗೂ ಸಿಗುತ್ತಿರಲಿಲ್ಲ. ಕೊನೆಗೆ ಎರಡು ನಿಮಿಷವಿರುವಾಗ ಅಕ್ಕನ ಮಗ ಬಂದು "ಮಾಮ, ಬಿಚ್ಚಿ" ಅಂದ. ತೂತಿನ ಅಂಗಿ ತಂದಿಲ್ಲವೇನೋ ಎಂದೆ. ಬ್ಯಾಗಿನಿಂದ ಕತ್ತರಿ ತೆಗೆದ. ಬೆವರಿಗೆ ಮೈಗೆ ಅಂಟಿದ್ದ ಹಸಿರು ಜೆರ್ಸಿಯನ್ನು ಇಬ್ಬರು ಹುಡುಗರು ಎಳೆದು ತೆಗೆದರು. ಬೆನ್ನಿನಲ್ಲಿದ್ದ ನನ್ನ ಒಂದನೇ ನಂಬರು ಕತ್ತರಿಸಿ ಕೆಳಗೆ ಬಿತ್ತು, ಆ ಜಾಗದಲ್ಲಿ ಅವನ ಹತ್ತು ಕಾಣಿಸಿತು. ಬನಿಯನ್ನಿನಲ್ಲಿ ಬೆಂಚಿನ ಮೇಲೆ ಕೂತು ನೋಡಿದೆ. ಐವರೂ ಚೆಂಡನ್ನು ಎಡಕ್ಕೆ ಬಲಕ್ಕೆ ಚೆನ್ನಾಗಿಯೇ ತಿರುಗಿಸಿದರು, ಕೋಪಾದಲ್ಲಿ ನೋಡಿದ ಹಾಗೆಯೇ. ಆಮೇಲೆ ಒಂದು ಪಾಸ್ ಅಡ್ಡ ಹೋಯಿತು, ಎದುರು ತಂಡದ ಕೀಪರ್ ಅದನ್ನು ಹಿಡಿದು, ತಲೆಯೆತ್ತಿ ಬರಿದಾದ ನಮ್ಮ ಗೋಲು ನೋಡಿ, ಕೆಳಗಿಟ್ಟು ಒದ್ದ. ನನ್ನ ವಯಸ್ಸಿನವನೇ, ನನ್ನಷ್ಟೇ ಹೊಟ್ಟೆ. ಚೆಂಡು ಉದ್ದಕ್ಕೂ ಉರುಳಿ ಉರುಳಿ ಒಳಗೆ ಹೋಯಿತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ನಮ್ಮ ಹುಡುಗರು ಅದಕ್ಕೆ ಇನ್ನೂ ಸಿಟ್ಟಿನಲ್ಲಿದ್ದಾರೆ, ಜೆರ್ಸಿಯ ದುಡ್ಡನ್ನೂ ಕೊಟ್ಟಿಲ್ಲ.