ನೂರು ರೂಪಾಯಿಯ ಮಿತಿಯೊಳಗೆ ಒಂದು ಮನೆ

ವರ್ಧಾ ಊರಿಗೆ ಎರಡು ರೈಲು ನಿಲ್ದಾಣಗಳಿವೆ. ಮುಂಬೈ–ಹೌರಾ ಮಾರ್ಗದ ಗಾಡಿಗಳು ವರ್ಧಾ ಜಂಕ್ಷನ್ನಿನಲ್ಲಿ ನಿಲ್ಲುತ್ತವೆ. ದಕ್ಷಿಣದಿಂದ ಬಲಾರಶಾ ಮೇಲೆ ನಾಗಪುರ, ದೆಹಲಿಯತ್ತ ಹೋಗುವ ಗಾಡಿಗಳ ನಿಲ್ದಾಣ ಸೇವಾಗ್ರಾಮ. ಇದಕ್ಕೆ ಹಿಂದೆ ವರ್ಧಾ ಪೂರ್ವ ಎಂಬ ಹೆಸರಿತ್ತು. ಹೆಸರು ನೋಡಿ ಆಶ್ರಮ ಪಕ್ಕದಲ್ಲೇ ಇರಬೇಕೆಂದುಕೊಂಡು ಇಳಿದ ಪ್ರವಾಸಿ ಮತ್ತೆ ಆಟೋ ಹುಡುಕಬೇಕಾಗುತ್ತದೆ. ಆಶ್ರಮ ಇನ್ನೂ ಕೆಲವು ಕಿಲೋಮೀಟರ್ ಆಚೆಗಿದೆ. ದಾರಿಯಲ್ಲಿ ಕಪ್ಪು ನೆಲ, ಹತ್ತಿ, ತೊಗರಿ, ಬೇವಿನ ಮರಗಳು. ಗದಗ, ಹಾವೇರಿ ಕಡೆಯಿಂದ ಹೋದವರಿಗೆ ತಮ್ಮ ಎರೆ ಸೀಮೆಯನ್ನೇ ಇನ್ನೊಮ್ಮೆ ಕಂಡಂತಾಗುವುದು ಸಹಜ. ಬಿಸಿಲು ಮಾತ್ರ ಅಲ್ಲಿನದಕ್ಕಿಂತ ಒಂದು ಕೈ ಹೆಚ್ಚು. ಮೇ ತಿಂಗಳಲ್ಲಿ ಉಷ್ಣತೆ 45 ಡಿಗ್ರಿ ದಾಟಿದರೆ ಇಲ್ಲಿಯವರು ಅದನ್ನು ಸುದ್ದಿಯೆಂದು ಎಣಿಸುವುದಿಲ್ಲ.

ಈ ಬಿಸಿಲಿನ ಹಳ್ಳಿಗೆ ಗಾಂಧೀಜಿ ವಾಸಕ್ಕೆಂದು ಬಂದದ್ದು 1936ರ ಏಪ್ರಿಲ್ ಕೊನೆಗೆ. ಆಗ ಅವರಿಗೆ 66 ವರ್ಷ. ಹಳ್ಳಿಯ ಹೆಸರು ಸೇಗಾಂವ್. ಜಮನಾಲಾಲ್ ಬಜಾಜರಿಗೆ ಅಲ್ಲಿ ಜಮೀನಿತ್ತು. ಮೀರಾಬೆನ್ ಮೊದಲೇ ಬಂದು ನೆಲೆಸಿ ಹಳ್ಳಿಯ ಪರಿಚಯ ಮಾಡಿಕೊಂಡಿದ್ದರು. ಗಾಂಧೀಜಿ ಹಾಕಿದ ಕರಾರು ಸರಳ: ಮನೆಯ ಖರ್ಚು ನೂರು ರೂಪಾಯಿ ಮೀರಬಾರದು, ಸುತ್ತಮುತ್ತ ಸಿಗುವ ಸಾಮಗ್ರಿಯಲ್ಲೇ, ಊರಿನ ಕೆಲಸಗಾರರ ಕೈಯಲ್ಲೇ ಕಟ್ಟಬೇಕು. ಬಂದ ಕೆಲವೇ ದಿನಗಳಲ್ಲಿ ಅವರು ನಮ್ಮ ನಂದಿಬೆಟ್ಟಕ್ಕೆ ಹೋಗಿ ಆ ಮೇ ತಿಂಗಳನ್ನು ಸರ್ದಾರ್ ಪಟೇಲರೊಡನೆ ತಂಪಿನಲ್ಲಿ ಕಳೆದರೆಂಬುದನ್ನೂ ಇಲ್ಲಿ ಹೇಳಬೇಕು. ಸೇಗಾಂವ್ ಎಂದು ಬರೆದ ಕಾಗದಗಳು ಇದೇ ರೈಲು ಮಾರ್ಗದ ಇನ್ನೊಂದು ಊರಾದ ಶೇಗಾಂವ್‌ಗೆ ಹೋಗಿಬಿಡುತ್ತಿದ್ದುದರಿಂದ 1940ರಲ್ಲಿ ಹಳ್ಳಿಯ ಹೆಸರನ್ನು ಸೇವಾಗ್ರಾಮ ಎಂದು ಬದಲಾಯಿಸಿದರು. ದೊಡ್ಡ ಅರ್ಥವುಳ್ಳ ಈ ಹೆಸರಿನ ಹಿಂದೆ ಇದ್ದದ್ದು ಅಂಚೆಯ ತೊಂದರೆ!

ಮೊದಲು ಕಟ್ಟಿದ್ದು ಆದಿ ನಿವಾಸ. ಗಾಂಧೀಜಿ, ಕಸ್ತೂರಬಾ, ಸಂಗಡಿಗರು, ಬಂದುಹೋಗುವ ಅತಿಥಿಗಳು ಎಲ್ಲರೂ ಅದರಲ್ಲೇ. ಗಲಾಟೆ ಹೆಚ್ಚಾದ ಮೇಲೆ ಗಾಂಧೀಜಿ ಮೀರಾಬೆನ್ ತಮಗಾಗಿ ಕಟ್ಟಿಸಿಕೊಂಡಿದ್ದ ಗುಡಿಸಲಿಗೆ ಬಂದರು. ಅದನ್ನು ಸ್ವಲ್ಪ ಹಿಗ್ಗಿಸಿದರು. ಇಂದು ಬಾಪೂ ಕುಟಿ ಎಂದು ಕರೆಯುವುದು ಇದನ್ನೇ. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಒಬ್ಬರ ಮಗಳಾದ ಮೀರಾಬೆನ್ ಒಳಗೋಡೆಯ ಮಣ್ಣಿನ ಮೇಲೆ ತಾಳೆಮರ, ಚರಕ ಮತ್ತು ಓಂಕಾರವನ್ನು ಉಬ್ಬುಚಿತ್ರವಾಗಿ ಮೂಡಿಸಿದ್ದಾರೆ. ಇಡೀ ಮನೆಯಲ್ಲಿ ಅಲಂಕಾರ ಎನ್ನಬಹುದಾದದ್ದು ಅಷ್ಟೇ.

ಮಕ್ಕಳನ್ನು ಕರೆದುಕೊಂಡು ಹೋದ ತಂದೆತಾಯಿಗಳು ಇಲ್ಲಿ ಸಾಮಾನ್ಯವಾಗಿ ಕನ್ನಡಕ, ಕೋಲು, ಪಾದುಕೆ ಎಂದು ಒಂದೊಂದನ್ನೇ ತೋರಿಸಿ ಹತ್ತು ನಿಮಿಷದಲ್ಲಿ ಹೊರಬರುತ್ತಾರೆ. ಆದರೆ ನಿಜವಾದ ಪಾಠ ಇರುವುದು ಗೋಡೆ ಮತ್ತು ಮಾಡಿನಲ್ಲಿ. ವಿಜ್ಞಾನದ ವಿದ್ಯಾರ್ಥಿ ಅರ್ಧ ಗಂಟೆ ನೆಲದ ಮೇಲೆ ಸುಮ್ಮನೆ ಕುಳಿತರೂ ಸಾಕು, ಹೊರಗಿನ ಬೇಗೆಗೂ ಒಳಗಿನ ತಂಪಿಗೂ ಇರುವ ವ್ಯತ್ಯಾಸ ಚರ್ಮಕ್ಕೇ ತಿಳಿಯುತ್ತದೆ.

ದಪ್ಪ ಮಣ್ಣಿನ ಗೋಡೆ ಶಾಖವನ್ನು ತಡೆಯುವುದಕ್ಕಿಂತ ಹೆಚ್ಚಾಗಿ ತಡಮಾಡಿಸುತ್ತದೆ. ಹೊರಮೈಗೆ ಬಿದ್ದ ಮಧ್ಯಾಹ್ನದ ಬಿಸಿ ಒಳಮೈ ಮುಟ್ಟಲು ಹಲವು ಗಂಟೆ ಬೇಕು. ಅಷ್ಟರಲ್ಲಿ ರಾತ್ರಿಯಾಗಿ ಹೊರಗಿನ ಗಾಳಿ ತಣ್ಣಗಾಗಿರುತ್ತದೆ. ಗೋಡೆ ತನ್ನಲ್ಲಿದ್ದ ಬಿಸಿಯನ್ನು ಹೊರಗೂ ಬಿಟ್ಟುಕೊಡುತ್ತದೆ. ನಮ್ಮ ಈಗಿನ ಮನೆಗಳ ನಾಲ್ಕೈದು ಅಂಗುಲದ ಕಾಂಕ್ರೀಟು ತಾರಸಿ ಇದೇ ಕೆಲಸವನ್ನು ತಪ್ಪು ವೇಳೆಯಲ್ಲಿ ಮಾಡುತ್ತದೆ. ಮನೆಮಂದಿಯೆಲ್ಲ ಒಳಗೆ ಸೇರುವ ಸಂಜೆಯ ಹೊತ್ತಿಗೆ ಸರಿಯಾಗಿ ಅದು ಮಧ್ಯಾಹ್ನದ ಬಿಸಿಯನ್ನು ಕೆಳಗಿಳಿಸುತ್ತದೆ. ಕುಟಿಯ ಮಾಡಿನ ಮೇಲಿರುವುದು ನಾಡಹೆಂಚು, ಅದರ ಕೆಳಗೆ ಬಿದಿರು. ಹೆಂಚು ಹೆಂಚಿನ ನಡುವಿನ ಸಂದಿಗಳಿಂದ, ಮಾಡಿನ ಎತ್ತರದ ಭಾಗದಿಂದ ಬಿಸಿಗಾಳಿ ಮೇಲೇರಿ ಹೊರಟುಹೋಗುತ್ತದೆ. ಬಿಸಿಗಾಳಿ ಹಗುರ, ಅದು ಮೇಲೇರುತ್ತದೆ ಎಂದು ಪ್ರೌಢಶಾಲೆಯಲ್ಲಿ ಎಲ್ಲರೂ ಬರೆದು ಅಂಕ ತೆಗೆದುಕೊಂಡವರೇ. ಮನೆ ಕಟ್ಟುವಾಗ ಆ ಪಾಠ ನೆನಪಾಗುವುದು ಅಪರೂಪ.

ಇನ್ನು ಸುತ್ತ ಹರಿದಿರುವ ಜಗಲಿ ಮತ್ತು ತಗ್ಗಾದ ಸೂರು. ಸೇವಾಗ್ರಾಮದ ಅಕ್ಷಾಂಶ ಸುಮಾರು 20.7 ಡಿಗ್ರಿ ಉತ್ತರ. ಮೇ ತಿಂಗಳ ಕೊನೆಯ ವಾರದ ಸುಮಾರಿಗೆ ನಡುಹಗಲಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಬಿಸಿಲು ಮಾಡಿನ ಮೇಲೆ ಬೀಳುತ್ತದೆಯೇ ಹೊರತು ದಕ್ಷಿಣದ ಗೋಡೆಯ ಮೇಲೆ ಅಲ್ಲ. ಡಿಸೆಂಬರ್ 21ರ ನಡುಹಗಲಲ್ಲಿ ಸೂರ್ಯನ ಎತ್ತರ 90ರಿಂದ 20.7 ಮತ್ತು 23.4 ಕಳೆದರೆ ಉಳಿಯುವಷ್ಟು, ಅಂದರೆ ಸುಮಾರು 46 ಡಿಗ್ರಿ. ಆ ಓರೆ ಬಿಸಿಲು ಸೂರಿನಡಿಯಿಂದ ನುಸುಳಿ ಜಗಲಿಯನ್ನು ಬೆಚ್ಚಗಾಗಿಸುತ್ತದೆ. ಬೇಸಿಗೆಯಲ್ಲಿ ನೆರಳು, ಚಳಿಗಾಲದಲ್ಲಿ ಬಿಸಿಲು. ಒಂದು ಪೈಸೆ ಕರೆಂಟಿಲ್ಲ. ಬೆಂಗಳೂರಿನಲ್ಲಿ ಇದೇ ಲೆಕ್ಕ ಹಾಕಿದರೆ ಡಿಸೆಂಬರಿನ ಕೋನ ಸುಮಾರು 53.6 ಡಿಗ್ರಿ, ಸೂರ್ಯ ನೆತ್ತಿಗೆ ಬರುವುದು ಏಪ್ರಿಲ್ 24ರ ಸುಮಾರಿಗೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಅಳೆಯುವ ಯಾವ ಹುಡುಗ, ಹುಡುಗಿಯಾದರೂ ತಮ್ಮ ಮನೆಯ ಕಿಟಕಿಗೆ ಎಷ್ಟು ಚಾಚಿದ ಮರೆ ಬೇಕೆಂದು ಹೇಳಬಲ್ಲರು.

ಪೂರ್ವ, ಪಶ್ಚಿಮದ ಗೋಡೆಗಳ ಮಾತು ಬೇರೆ. ಬೆಳಗಿನ, ಸಂಜೆಯ ಓರೆ ಬಿಸಿಲನ್ನು ಸೂರೊಂದೇ ತಡೆಯಲಾರದು. ಅದಕ್ಕೆ ಬಿದಿರಿನ ತಟ್ಟಿ ಬೇಕು, ಮರಗಳು ಬೇಕು. ಆಶ್ರಮದಲ್ಲಿ ಮರಗಳಿಗೆ ಕೊರತೆಯಿಲ್ಲ. 1936ರಲ್ಲಿ ಗಾಂಧೀಜಿ ನೆಟ್ಟ ಅರಳಿ, ಕಸ್ತೂರಬಾ ನೆಟ್ಟ ಬಕುಳ ಎರಡನ್ನೂ ಇಂದಿಗೂ ತೋರಿಸುತ್ತಾರೆ.

ಕುಟಿಯ ಒಳಗೆ ಕುರ್ಚಿಯಿಲ್ಲ. ಸಾರಿಸಿದ ನೆಲ, ಚಾಪೆ, ಒಂದು ಗಾದಿ, ಒರಗಲು ಹಲಗೆ, ಬರೆಯಲು ತಗ್ಗು ಮೇಜು. ಕಾಗದ ಹಾರದಂತೆ ಇಡಲು ಕಲ್ಲುಗಳು. ಪಕ್ಕದಲ್ಲಿ ರೋಗಿಗಳಿಗೆಂದು ಬಿಟ್ಟ ಜಾಗ. ದೊಡ್ಡವರ ಮನೆಯಲ್ಲಿ ಕಾಯಿಲೆಯವರನ್ನು ಹಿಂದಿನ ಕೋಣೆಗೆ ಸಾಗಿಸುವುದು ರೂಢಿ. ಇಲ್ಲಿ ಅವರಿಗೆ ಯಜಮಾನನ ಪಕ್ಕದ ಜಾಗ. ಕುಷ್ಠರೋಗಿಯಾಗಿದ್ದ ಸಂಸ್ಕೃತ ಪಂಡಿತ ಪರಚುರೆ ಶಾಸ್ತ್ರಿಗಳಿಗೆ ಆಶ್ರಮದೊಳಗೇ ಕುಟೀರ ಕಟ್ಟಿಸಿ ಗಾಂಧೀಜಿ ಸ್ವತಃ ಆರೈಕೆ ಮಾಡುತ್ತಿದ್ದರು. ಆ ಕುಟೀರವೂ ಇದೆ. ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗುವ ವಸ್ತು ಹಾವು ಹಿಡಿಯುವ ಮರದ ಇಕ್ಕಳ ಮತ್ತು ಪಂಜರ. ಹೊಲದ ನಡುವಿನ ಮಣ್ಣಿನ ಮನೆಗೆ ಹಾವು ಬಾರದೆ ಇರುತ್ತದೆಯೆ? ಹಿಡಿದು ದೂರ ಬಿಟ್ಟುಬರುವುದು ಇಲ್ಲಿಯ ಪದ್ಧತಿಯಾಗಿತ್ತು. ಇನ್ನೊಂದು ವಿಚಿತ್ರ ಟೆಲಿಫೋನು. ವೈಸ್‌ರಾಯ್ ಲಿನ್‌ಲಿತ್‌ಗೋ ಗಾಂಧೀಜಿಯೊಡನೆ ಬೇಕೆಂದಾಗ ಮಾತಾಡಲು ಹಾಕಿಸಿದ್ದು. ಸಗಣಿ ಸಾರಿಸಿದ ನೆಲಕ್ಕೂ ಸಾಮ್ರಾಜ್ಯದ ತಂತಿಗೂ ಹೀಗೆ ಸಂಬಂಧ ಬೆಳೆದಿತ್ತು. ಕುಟಿಯಲ್ಲಿದ್ದ ಕನ್ನಡಕವೊಂದು ಕಾಣೆಯಾದದ್ದು 2011ರಲ್ಲಿ ಬಯಲಾಯಿತು. ಬೀಗವಿಲ್ಲದೆ ಬಾಳಿದವರ ವಸ್ತುಗಳಿಗೂ ಕಾವಲು ಬೇಕಾಗಿ ಬಂದಿದೆ.

ಸರಳ ಜೀವನವೆಂದರೆ ತಂಗಾಳಿ, ತುಳಸಿಕಟ್ಟೆ ಎಂದು ಭಾವಿಸುವವರಿಗೆ ಸೇವಾಗ್ರಾಮದ ಮೊದಲ ವರ್ಷಗಳ ಕತೆ ಒಳ್ಳೆಯ ಮದ್ದು. ಮಳೆಗಾಲದಲ್ಲಿ ಎರೆ ಮಣ್ಣಿನ ದಾರಿಯಲ್ಲಿ ಗಾಡಿ ಹೂತುಹೋಗುತ್ತಿತ್ತು. ಸೊಳ್ಳೆ, ನೊಣ ವಿಪರೀತ. 1936ರಲ್ಲೇ ಗಾಂಧೀಜಿ ಮಲೇರಿಯಾಕ್ಕೆ ತುತ್ತಾಗಿ ವರ್ಧಾದ ಆಸ್ಪತ್ರೆ ಸೇರಬೇಕಾಯಿತು. ಮಣ್ಣಿನ ಗೋಡೆಗೆ ಸೊಳ್ಳೆಯನ್ನು ತಡೆಯುವ ಶಕ್ತಿ ಇಲ್ಲ. ಆದ್ದರಿಂದಲೇ ಇಲ್ಲಿ ಮನೆಗಿಂತ ಮೊದಲು ಚರಂಡಿ, ಕಕ್ಕಸು, ತಿಪ್ಪೆಗಳ ಚರ್ಚೆ ನಡೆಯುತ್ತಿತ್ತು. ಆಳವಾದ ಗುಂಡಿಗಿಂತ ಮೇಲ್ಮಟ್ಟದ ಚರಿ ತೋಡಿ, ಮಲವನ್ನು ಮಣ್ಣಿನಿಂದ ಮುಚ್ಚಬೇಕೆಂದು ಗಾಂಧೀಜಿ ಹೇಳುತ್ತಿದ್ದರು. ಅದರ ಹಿಂದೆ ಗಟ್ಟಿ ವಿಜ್ಞಾನವಿದೆ. ನೆಲದ ಮೇಲ್ಪದರದಲ್ಲೇ ಗಾಳಿ ಹೆಚ್ಚು, ಕೊಳೆಯಿಸಿ ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳೂ ಹೆಚ್ಚು. ಮಣ್ಣು ಮುಚ್ಚಿದರೆ ನೊಣಕ್ಕೆ ಮೊಟ್ಟೆಯಿಡಲು ಜಾಗವಿಲ್ಲ.

ಅದೇ ಕಾಲದಲ್ಲಿ ಇದೇ ಪ್ರಶ್ನೆಯ ಮೇಲೆ ಪ್ರಯೋಗಾಲಯಗಳಲ್ಲೂ ಕೆಲಸ ನಡೆದಿತ್ತು. ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ರೂಪಿಸಿದ ಪದ್ಧತಿಯಲ್ಲಿ ಕಸ, ಸಗಣಿಯ ರಾಶಿಯನ್ನು ಆಗಾಗ ಮಗುಚಿ ಗಾಳಿಯಾಡಿಸುತ್ತಾರೆ. ಮೂರು ತಿಂಗಳ ಸುಮಾರಿಗೆ ಗೊಬ್ಬರ ಸಿದ್ಧ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ್ದು ಇನ್ನೊಂದು ಬಗೆ. ಗುಂಡಿಯಲ್ಲಿ ಕಸದ ಪದರ, ಅದರ ಮೇಲೆ ಮಲ ಅಥವಾ ಸಗಣಿಯ ಪದರ, ಹೀಗೆ ತುಂಬಿ ಮೇಲೆ ಕೆಸರು ಮೆತ್ತಿ ಬಿಟ್ಟುಬಿಡುವುದು. ಮಗುಚುವ ಕೂಲಿಯಿಲ್ಲ. ಸಮಯ ಮಾತ್ರ ಆರೆಂಟು ತಿಂಗಳು. ಕೃಷಿ ಪುಸ್ತಕಗಳಲ್ಲಿ ಇದಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು. ತನ್ನ ಹೆಸರಿನ ಪದ್ಧತಿಯನ್ನು ಆ ನಗರವೇ ಮರೆತು, ಕಸವನ್ನು ಲಾರಿಯಲ್ಲಿ ಪಕ್ಕದ ಹಳ್ಳಿಗಳಿಗೆ ಸಾಗಿಸಿ ಅಲ್ಲಿಯವರ ಶಾಪ ಕಟ್ಟಿಕೊಂಡದ್ದನ್ನು ವಿಧಿಯ ಅಣಕವೆನ್ನದೆ ಬೇರೆ ದಾರಿಯಿಲ್ಲ.

ವರ್ಧಾ ಪಟ್ಟಣದ ಮಗನ್‌ವಾಡಿಯನ್ನು ನೋಡದೆ ಬಂದರೆ ಪ್ರವಾಸ ಅರ್ಧವೇ. ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿದ್ದು 1934ರಲ್ಲಿ. ಅದರ ಹೊಣೆ ಹೊತ್ತವರು ಅಮೆರಿಕದಲ್ಲಿ ಅರ್ಥಶಾಸ್ತ್ರ ಓದಿಬಂದಿದ್ದ ಜೆ. ಸಿ. ಕುಮಾರಪ್ಪ. ಇಲ್ಲಿಯ ಮಗನ್ ಸಂಗ್ರಹಾಲಯವನ್ನು 1938ರ ಡಿಸೆಂಬರಿನಲ್ಲಿ ಗಾಂಧೀಜಿಯೇ ಉದ್ಘಾಟಿಸಿದರು. ಗಾಣ, ಚರಕ, ಕೈಕಾಗದ, ಸೀಮೆಎಣ್ಣೆಯ ಬದಲು ಖಾದ್ಯವಲ್ಲದ ಎಣ್ಣೆಯಿಂದ ಉರಿಯುವ ಮಗನ್ ದೀಪ, ಹೊಗೆ ಕೊಳವೆಯ ಮಗನ್ ಒಲೆ ಇವೆಲ್ಲ ಇಲ್ಲಿಯ ಪ್ರಯೋಗಗಳು. ಅಡುಗೆಮನೆಯ ಹೊಗೆ ಹೆಂಗಸರ ಶ್ವಾಸಕೋಶಕ್ಕೆ ಶತ್ರುವೆಂದು ಆರೋಗ್ಯ ಇಲಾಖೆಗಳು ಎಚ್ಚರಿಸುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಒಲೆಗೆ ಕೊಳವೆ ಇಟ್ಟಿದ್ದರು. ಕುಟ್ಟಿದ ಅಕ್ಕಿಯ ಹಟವೂ ಬರಿಯ ಹಟವಲ್ಲ. ಗಿರಣಿಯಲ್ಲಿ ಪಾಲಿಷ್ ಮಾಡಿದಾಗ ತವುಡಿನೊಂದಿಗೆ ಬಿ-1 ಜೀವಸತ್ವವೂ ಹೋಗುತ್ತದೆ. ಬರೀ ಬಿಳಿಯ ಅಕ್ಕಿ ತಿಂದವರಿಗೆ ಬೆರಿಬೆರಿ ಬರುವುದಕ್ಕೆ ಕಾರಣ ಇದೇ.

ವಿದ್ಯಾರ್ಥಿಗಳ ತಂದೆತಾಯಿಗಳು ಸ್ವಲ್ಪ ಹೊತ್ತು ನಿಲ್ಲಬೇಕಾದ ಜಾಗ ಆಶ್ರಮಕ್ಕೆ ಹೊಂದಿಕೊಂಡಿರುವ ನಯೀ ತಾಲೀಮ್ ಆವರಣ. 1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಿಂದ ಝಾಕಿರ್ ಹುಸೇನ್ ಸಮಿತಿ, ಅದರಿಂದ ಮೂಲಶಿಕ್ಷಣದ ಯೋಜನೆ ಹೊರಬಂತು. ಕೈಕೆಲಸವೇ ಪಾಠದ ಕೇಂದ್ರ, ಮಾತೃಭಾಷೆಯೇ ಮಾಧ್ಯಮ. ಶಾಲೆಯಲ್ಲಿ ತಕಲಿ ತಿರುಗಿಸಿದ ನೆನಪು ಕರ್ನಾಟಕದ ಹಳೆಯ ತಲೆಮಾರಿನವರಿಗೂ ಇದ್ದೀತು. ಆದರೆ ಬಹುಪಾಲು ಶಾಲೆಗಳಲ್ಲಿ ತಕಲಿ ಒಂದು ಕಡೆ, ಗಣಿತ ಇನ್ನೊಂದು ಕಡೆ ಉಳಿಯಿತು. ಎಷ್ಟು ಎಳೆಗೆ ಎಷ್ಟು ತೂಕ ಎಂದು ಲೆಕ್ಕ ಮಾಡಿಸುವ ಮೇಷ್ಟರು ಸಿಗಲಿಲ್ಲ. ಯೋಜನೆ ಸೊರಗಿದ್ದು ಹೀಗೆ. ಸೇವಾಗ್ರಾಮದಲ್ಲಿ ನಿಂತುಹೋಗಿದ್ದ ಶಾಲೆ 2005ರಲ್ಲಿ ಆನಂದ ನಿಕೇತನ ಎಂಬ ಹೆಸರಿನಲ್ಲಿ ಮತ್ತೆ ಆರಂಭವಾಯಿತು. ಮರಾಠಿ ಮಾಧ್ಯಮ. ಕೈತೋಟ, ಅಡುಗೆ, ನೂಲುವುದು, ಹೊಲಿಯುವುದು ಇವು ಪಾಠದ ಹೊರಗಿನ ಚಟುವಟಿಕೆಗಳಲ್ಲ, ಪಾಠವೇ. ಸೊಪ್ಪಿನ ಮಡಿಯ ಉದ್ದಗಲ ಅಳೆದವನಿಗೆ ವಿಸ್ತೀರ್ಣದ ಸೂತ್ರ ಬಾಯಿಪಾಠ ಮಾಡುವ ಅಗತ್ಯ ಬೀಳದು. ಹೀಗೆ ಕಲಿತವರು ಮುಂದೆ ಸ್ಪರ್ಧೆಯಲ್ಲಿ ನಿಲ್ಲುತ್ತಾರೆಯೆ ಎಂಬುದು ತಂದೆತಾಯಿಗಳ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮನೆಯ ಸಾಲ, ಮಗುವಿನ ಭವಿಷ್ಯ ಎರಡೂ ಅವರ ಹೆಗಲ ಮೇಲೇ ಇವೆ.

ರಸ್ತೆಯಾಚೆ ಇದಕ್ಕೊಂದು ಅರ್ಧ ಉತ್ತರ ಇದೆ. ಕಸ್ತೂರಬಾ ಆಸ್ಪತ್ರೆ ಬೆಳೆದು 1969ರಲ್ಲಿ ಮಹಾತ್ಮಾ ಗಾಂಧಿ ವೈದ್ಯ ವಿಜ್ಞಾನ ಸಂಸ್ಥೆಯಾಯಿತು. ಗಾಂಧೀಜಿಯ ವೈದ್ಯೆಯಾಗಿದ್ದ ಸುಶೀಲಾ ನಯ್ಯರ್ ಅದನ್ನು ಕಟ್ಟಿದವರು. ಒಂದು ಕಾಲಕ್ಕೆ ಪ್ರವೇಶ ಪರೀಕ್ಷೆಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳ ಜೊತೆಗೆ ಗಾಂಧಿ ವಿಚಾರದ ಒಂದು ಪತ್ರಿಕೆಯೂ ಇತ್ತು. ದೇಶಕ್ಕೆಲ್ಲ ಒಂದೇ ಪರೀಕ್ಷೆ ಬಂದ ಮೇಲೆ ಅದು ಹೋಯಿತು. ಆದರೆ ಹೊಸ ವಿದ್ಯಾರ್ಥಿಗಳು ಆಶ್ರಮದಲ್ಲಿ ಶಿಬಿರದಲ್ಲಿದ್ದು ಕಸ ಗುಡಿಸಿ, ನೂತು, ಪ್ರಾರ್ಥನೆಗೆ ಕೂತು, ಆಮೇಲೆ ಹಳ್ಳಿಯೊಂದನ್ನು ದತ್ತು ಪಡೆಯುವ ಪದ್ಧತಿ ಬೆಳೆದುಬಂದಿದೆ.

ಇಷ್ಟೆಲ್ಲ ಇರುವ ಊರಿನ ಸುತ್ತಲೇ ಇನ್ನೊಂದು ಕತೆಯೂ ಇದೆ. ಹತ್ತಿ ಬೆಳೆದು ಸಾಲದಲ್ಲಿ ಮುಳುಗಿದ ರೈತರ ಆತ್ಮಹತ್ಯೆಗಳ ಕಾರಣದಿಂದ 2006ರಲ್ಲಿ ಕೇಂದ್ರ ಸರ್ಕಾರ ವಿಶೇಷ ನೆರವು ಘೋಷಿಸಿದ ವಿದರ್ಭದ ಆರು ಜಿಲ್ಲೆಗಳಲ್ಲಿ ವರ್ಧಾ ಒಂದು. ಬೀಜ, ಗೊಬ್ಬರ, ಔಷಧಿ ಎಲ್ಲಕ್ಕೂ ಅಂಗಡಿಯ ಮುಂದೆ ನಿಲ್ಲಬೇಕಾದ ರೈತ, ಮಳೆ ಕೈಕೊಟ್ಟಾಗ ಬೆಲೆಯೂ ಕುಸಿದರೆ ಹೋಗುವುದೆಲ್ಲಿಗೆ? ಚರಕವನ್ನು ದೇಶಕ್ಕೆ ಸಾರಿದ ನೆಲದಲ್ಲೇ ಹತ್ತಿ ಬೆಳೆದವನಿಗೆ ಹತ್ತಿಯೇ ಉರುಳಾಯಿತು. ಕುಟಿಯ ತಂಪನ್ನು ಹೊಗಳಿ ಹೊರಡುವ ಪ್ರವಾಸಿ ದಾರಿಯ ಬದಿಯ ಹೊಲಗಳನ್ನೂ ಕಣ್ಣೆತ್ತಿ ನೋಡಬೇಕು.

ಗಾಂಧೀಜಿ 1946ರ ಆಗಸ್ಟಿನಲ್ಲಿ ಇಲ್ಲಿಂದ ಹೊರಟವರು ಮತ್ತೆ ಬರಲಿಲ್ಲ. ಇವಾನ್ ಇಲಿಚ್ ಎಂಬ ಚಿಂತಕ 1978ರಲ್ಲಿ ಬಂದು ಈ ಗುಡಿಸಲಿನಲ್ಲಿ ಕುಳಿತು, ಮನೆಯಲ್ಲಿ ಸಾಮಾನು ಹೆಚ್ಚಿದಷ್ಟೂ ಮನುಷ್ಯ ಅವುಗಳ ಆಸರೆಗೆ ಬೀಳುತ್ತಾನೆ ಎಂಬ ಅರ್ಥದ ಮಾತಾಡಿದ್ದರು. ಮಾತು ದೊಡ್ಡದೇ. ಆದರೆ ಮಣ್ಣಿನ ಮನೆ ಕೇಳುವುದು ಮಾತನ್ನಲ್ಲ, ದುಡಿಮೆಯನ್ನು. ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು, ಗೆದ್ದಲು ಹಿಡಿದ ಬಿದಿರು ಬದಲಿಸಬೇಕು, ಗೋಡೆಯ ಬುಡಕ್ಕೆ ನೀರು ನಿಲ್ಲದಂತೆ ನೋಡಿಕೊಳ್ಳಬೇಕು, ನೆಲ ಸಾರಿಸುತ್ತಲೇ ಇರಬೇಕು. ಈ ಸಾರಿಸುವ ಕೆಲಸ ಬಹುತೇಕ ಹೆಂಗಸರ ಪಾಲಿನದೇ ಆಗಿತ್ತೆಂಬುದನ್ನು ಸರಳ ಜೀವನದ ಭಾಷಣಕಾರರು ಹೇಳುವುದು ಕಡಿಮೆ. ಸಿಮೆಂಟು ಬಂದಾಗ ಹಳ್ಳಿಯ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟಿದ್ದರೆ ಅದರಲ್ಲಿ ತಪ್ಪೇನು?

ನೋಡಲು ಹೋಗುವವರಿಗೆ ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ನಾಗಪುರದಿಂದ ಸುಮಾರು 75 ಕಿಲೋಮೀಟರ್. ಬಸ್ಸು, ರೈಲು ಎರಡೂ ಉಂಟು. ಆಶ್ರಮದ ಎದುರಿಗೆ ಯಾತ್ರಿ ನಿವಾಸವಿದೆ, ಸಾದಾ ಊಟ ಸಿಗುತ್ತದೆ. ಸಂಜೆಯ ಪ್ರಾರ್ಥನೆ ಬಯಲಲ್ಲಿ, ಮರಗಳ ಕೆಳಗೆ; ಯಾರು ಬೇಕಾದರೂ ಕೂರಬಹುದು. ಕುಟಿಯೊಳಗೆ ಚಪ್ಪಲಿ ಬಿಟ್ಟು ಹೋಗಬೇಕು. ಬರಿಗಾಲಿಗೆ ನೆಲ ತಣ್ಣಗಿರುತ್ತದೆ.